ಮೊದಲ ಬೇಸ್ ಗಿಟಾರ್: ಯಾವುದು ಕೊಳ್ಳಲಿ, ತಂತಿ ಜರ್ ಎನ್ನುವುದೇಕೆ, ಸ್ಟೇಜಿನಲ್ಲಿ ಕೇಳಿಸುವಂತೆ ಮಾಡುವುದು ಹೇಗೆ?

ನೀವು ಮೂರು ಪ್ರಶ್ನೆ ಕೇಳಿದ್ದೀರಿ. 25 ಸಾವಿರದೊಳಗೆ ಮೊದಲ ಬೇಸ್ ಗಿಟಾರ್ ಯಾವುದು? ಗೆಳೆಯನಿಂದ ತಂದ ಬೇಸಿನಲ್ಲಿ ತಂತಿಗಳು ಜರ್ ಎನ್ನುತ್ತವೆ, ಬೆರಳು ನೋಯುತ್ತದೆ, ಏನು ಮಾಡಲಿ? ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ನುಡಿಸಿದಾಗ "ಬೇಸ್ ಕೇಳಿಸಲೇ ಇಲ್ಲ" ಎನ್ನುತ್ತಾರಲ್ಲ, ಏಕೆ? ನಾನು ಎರಡನೆಯದರಿಂದ ಶುರು ಮಾಡುತ್ತೇನೆ. ಸೆಟಪ್, ಅಂದರೆ ಬೇಸನ್ನು ನುಡಿಸಲು ಹದಗೊಳಿಸುವುದು, ಅರ್ಥವಾದವರಿಗೆ ಅಂಗಡಿಯಲ್ಲಿ ಯಾವುದನ್ನು ಬಿಡಬೇಕು ಎನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ತಂಬೂರಿಯಲ್ಲಿ ಜೀವಾಳದ ಎಳೆ ಸಿಕ್ಕಿಸಿ ಬೇಕೆಂದೇ ಝೇಂಕಾರ ಬರಿಸುತ್ತೇವೆ. ಬೇಸಿನಲ್ಲಿ ಅದೇ ಝೇಂಕಾರ ದೋಷ, ಆದರೆ ಅದು ಎಲ್ಲಿ ಬರುತ್ತದೆ ಎನ್ನುವುದೇ ಕಾರಣವನ್ನೂ ಹೇಳಿಬಿಡುತ್ತದೆ. ಒತ್ತದೆ ಮೀಟಿದಾಗ ಮಾತ್ರ ಜರ್ ಎಂದರೆ ನಟ್‌ನ (ತಲೆಭಾಗದ ಬಳಿ ತಂತಿಗಳು ಕೂರುವ ಪಟ್ಟಿಯ) ತೋಡು ಆಳವಾಗಿದೆ. 1ರಿಂದ 5ನೇ ಫ್ರೆಟ್ಟಿನವರೆಗೆ (ಫ್ರೆಟ್ ಎಂದರೆ ಲೋಹದ ಅಡ್ಡಪಟ್ಟಿ) ಮಾತ್ರ ಬಂದರೆ ನೆಕ್, ಅಂದರೆ ಫ್ರೆಟ್ಟುಗಳಿರುವ ಉದ್ದನೆಯ ಕತ್ತು, ತೀರಾ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ. 12ನೇ ಫ್ರೆಟ್ಟಿನಾಚೆ ಬಂದರೆ ತಂತಿ ತೀರಾ ಕೆಳಗಿದೆ, ಇಲ್ಲವೇ ನೆಕ್ ಮುಂದಕ್ಕೆ ಹೆಚ್ಚು ಬಾಗಿದೆ. ಒಂದೇ ಒಂದು ಜಾಗದಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ, ಅದು ರಿಪೇರಿಯವರ ಕೆಲಸ. ಆಂಪ್ (ಆಂಪ್ಲಿಫೈಯರ್) ಹಾಕದೆ ಕೇಳಿದರೆ ಎಲ್ಲ ಬೇಸೂ ಸ್ವಲ್ಪ ಜರ್ ಎನ್ನುತ್ತದೆ. ಆಂಪ್‌ನಲ್ಲಿ ಕೇಳಿಸದಿದ್ದರೆ ಅದರ ಹಿಂದೆ ಬೀಳಬೇಡಿ.

ಬೇಕಾದ ಸಾಮಾನು ಕಡಿಮೆ: ಟ್ಯೂನರ್, ಅಲೆನ್ ಕೀಗಳು, ಒಂದು ಸ್ಟಾರ್ ಸ್ಕ್ರೂಡ್ರೈವರ್, ಅರ್ಧ ಮಿಲಿಮೀಟರಿನ ಗೆರೆಗಳಿರುವ ಸ್ಟೀಲ್ ಸ್ಕೇಲ್, ಮತ್ತೊಂದು ಫೀಲರ್ ಗೇಜ್. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡಲು ಬಳಸುವ ಎಲೆಎಲೆಯಾದ ಗೇಜ್ ಅದು. ಆಟೋ ಸ್ಪೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ.

ಕ್ರಮ ತಪ್ಪಬಾರದು: ಹೊಸ ತಂತಿ, ಶ್ರುತಿ, ನೆಕ್, ತಂತಿಯ ಎತ್ತರ, ಇಂಟೊನೇಶನ್, ಕೊನೆಗೆ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಅಯಸ್ಕಾಂತದ ಭಾಗ). ಮೊದಲಿನದು ಬದಲಾದರೆ ಮುಂದಿನದೆಲ್ಲ ಬದಲಾಗುತ್ತದೆ. ಬಹಳ ಜನ ನೇರವಾಗಿ ಬ್ರಿಡ್ಜ್ (ದೇಹದ ಮೇಲೆ ತಂತಿಗಳು ಕೂರುವ ಲೋಹದ ಭಾಗ) ಸ್ಕ್ರೂಗೆ ಕೈ ಹಾಕಿ ಮೂರು ಗಂಟೆ ಒದ್ದಾಡುವುದು ಇದು ಗೊತ್ತಿಲ್ಲದೆ.

ತಂತಿ 45ರಿಂದ 105ರ ರೌಂಡ್‌ವೌಂಡ್ (ಗುಂಡನೆಯ ತಂತಿ ಸುತ್ತಿದ) ಸೆಟ್ ಇರಲಿ. ಅಂದರೆ ಜಿ ತಂತಿ 0.045 ಇಂಚು, ಇ ತಂತಿ 0.105 ಇಂಚು ದಪ್ಪ. ಕೊಳ್ಳುವಾಗ ಪ್ಯಾಕೆಟ್ ಮೇಲೆ ಲಾಂಗ್ ಸ್ಕೇಲ್ ಎಂದಿದೆಯೇ ನೋಡಿ, ಸಾಮಾನ್ಯ ಬೇಸಿನಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗಿನ ಅಳತೆ 34 ಇಂಚು. ಹಾಕುವಾಗ ಬಿರಡೆಯಿಂದ ಸುಮಾರು 10ರಿಂದ 12 ಸೆಂಟಿಮೀಟರ್ ಹೆಚ್ಚು ಬಿಟ್ಟು, ಮೊದಲು ತಂತಿಯನ್ನು ಚೂಪಾಗಿ ಮಡಿಸಿ, ಮಡಿಕೆಯ ಆಚೆ ಕತ್ತರಿಸಿ. ಮಡಿಸದೆ ಕತ್ತರಿಸಿದರೆ ಮೇಲಿನ ಸುತ್ತು ಒಳಗಿನ ತಂತಿಯ ಮೇಲೆ ಸಡಿಲವಾಗಿ, ಹೊಸ ತಂತಿಯೇ ಸತ್ತಂತೆ ನುಡಿಯುತ್ತದೆ. ಬಿರಡೆಯ ಮೇಲೆ ಎರಡು ಮೂರು ಸುತ್ತು, ಮೇಲಿನಿಂದ ಕೆಳಕ್ಕೆ ಬರಲಿ. ಆಮೇಲೆ ಸ್ಯಾಡಲ್‌ನ (ಬ್ರಿಡ್ಜ್ ಮೇಲೆ ಪ್ರತಿ ತಂತಿ ಕೂರುವ ತುಂಡಿನ) ಮುಂದೆಯೇ ತಂತಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ. ದಪ್ಪ ತಂತಿ ಅಲ್ಲಿ ಕಮಾನಿನಂತೆ ಉಬ್ಬಿ ನಿಂತಿರುತ್ತದೆ, ಒತ್ತಿದರೆ ಸರಿಯಾಗಿ ಕೂರುತ್ತದೆ. ಶ್ರುತಿ ಕೂಡಿಸುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ನಟ್‌ನಲ್ಲಿ "ಟಿಕ್" ಎಂದು ಹಾರುತ್ತಿದ್ದರೆ ತೋಡಿನೊಳಗೆ ಪೆನ್ಸಿಲ್ ಸೀಸ ಉಜ್ಜಿದರೆ ಸಾಕು.

ಈಗ ನೆಕ್. ನಾಲ್ಕು ತಂತಿಗಳು ಸೇರಿ 70 ಕಿಲೋಗೂ ಹೆಚ್ಚು ಎಳೆಯುತ್ತಿರುತ್ತವೆ, ಅದಕ್ಕೆ ಎದುರಾಗಿ ಒಳಗಿನ ಟ್ರಸ್ ರಾಡ್ ಎಂಬ ಲೋಹದ ಸಲಾಕೆ ನೆಕ್ಕನ್ನು ಹಿಡಿದಿರುತ್ತದೆ. ಶ್ರುತಿಯಲ್ಲಿರುವಾಗ, ನುಡಿಸುವ ಭಂಗಿಯಲ್ಲೇ ಹಿಡಿದು, ಇ ತಂತಿಯನ್ನು 1ನೇ ಫ್ರೆಟ್ಟಿನಲ್ಲೂ ನೆಕ್ ದೇಹಕ್ಕೆ ಸೇರುವಲ್ಲಿರುವ ಫ್ರೆಟ್ಟಿನಲ್ಲೂ ಒತ್ತಿ. 1ನೇ ಫ್ರೆಟ್ಟಿಗೆ ಕ್ಯಾಪೊ (ತಂತಿ ಒತ್ತಿಹಿಡಿಯುವ ಕ್ಲಿಪ್) ಇಲ್ಲದಿದ್ದರೆ ಪಕ್ಕದಲ್ಲಿರುವವರ ಬೆರಳು ಸಾಕು. 8ನೇ ಫ್ರೆಟ್ಟಿನ ನೆತ್ತಿಗೂ ತಂತಿಯ ಕೆಳಗೂ ನಡುವೆ 0.30 ಮಿಲಿಮೀಟರ್ ಎಲೆ ತಂತಿಯನ್ನು ಎತ್ತದೆ, ಸವರಿದಂತೆ ಒಳಹೋಗಬೇಕು. 0.25ರಿಂದ 0.35ರವರೆಗೆ ಸರಿ. ಅಂತರ ಹೆಚ್ಚಿದ್ದರೆ ಟ್ರಸ್ ರಾಡ್ ನಟ್ಟನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿಗೊಳಿಸಿ, ಅಂತರವೇ ಇಲ್ಲದಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಹೆಚ್ಚೆಂದರೆ ಕಾಲು ಸುತ್ತು. ತಿರುಗಿಸಿದ ಮೇಲೆ ಮತ್ತೆ ಶ್ರುತಿ ಮಾಡಿ ಅಳೆಯಿರಿ, ಮರುದಿನ ಇನ್ನೊಮ್ಮೆ ಅಳೆಯಿರಿ, ಮರ ನಿಧಾನಕ್ಕೆ ಕೂರುತ್ತದೆ. ಬೇಸ್ ಜೊತೆ ಬಂದ ಕೀಲಿಯನ್ನೇ ಬಳಸಿ. ಅರ್ಧಂಬರ್ಧ ಕೂರುವ ಕೀಲಿಯಿಂದ ನಟ್ಟಿನ ಒಳಮೂಲೆ ಸವೆದರೆ ಆ ನೆಕ್ ಕಥೆ ಮುಗಿದ ಹಾಗೆ. ಕೈಗೆ ಗಟ್ಟಿಯಾಗಿ ಸಿಕ್ಕಿತೋ, ನಿಲ್ಲಿಸಿ ರಿಪೇರಿಯವರಿಗೆ ಕೊಡಿ.

ಮಂಗಳೂರಿನ ಮಳೆಗಾಲಕ್ಕೂ ಕಲಬುರಗಿಯ ಏಪ್ರಿಲ್‌ಗೂ ಒಂದೇ ನೆಕ್ ಒಂದೇ ರೀತಿ ಇರುವುದಿಲ್ಲ. ಒಣ ಹವೆಯಲ್ಲಿ ಫಿಂಗರ್‌ಬೋರ್ಡ್ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಚಿನಲ್ಲಿ ಕೈಗೆ ತರಚುತ್ತವೆ. ಹಾಗಾಗಿ ಋತು ಬದಲಾದಾಗಲೆಲ್ಲ ಗೇಜ್ ಇಟ್ಟು ನೋಡಿ, ಊಹೆಯ ಮೇಲೆ ರಾಡ್ ತಿರುಗಿಸಬೇಡಿ.

ನೆಕ್ ಸರಿಹೋದ ಮೇಲೆ ಎತ್ತರ. 17ನೇ ಫ್ರೆಟ್ಟಿನ ಮೇಲೆ ಸ್ಕೇಲ್ ನಿಲ್ಲಿಸಿ ತಂತಿಯ ಕೆಳಅಂಚಿಗೆ ಅಳೆಯಿರಿ. ಇ ತಂತಿಗೆ 2.4, ಜಿ ತಂತಿಗೆ 2 ಮಿಲಿಮೀಟರ್ ಒಳ್ಳೆಯ ಆರಂಭ. ನಡುವಿನ ಎರಡು ತಂತಿ ಇವುಗಳ ಮಧ್ಯೆ ಇಳಿಜಾರಾಗಿ ಬರಲಿ. ಬೆರಳಿನಿಂದ ಜೋರಾಗಿ ಎಳೆಯುವವರು ಅರ್ಧ ಮಿಲಿಮೀಟರ್ ಎತ್ತರಿಸಿಕೊಳ್ಳಲಿ. ಬೆರಳು ನೋಯುವುದಕ್ಕೆ ಮಾತ್ರ ಕಾರಣ ಹಲವು ಸಲ ನಟ್‌ನಲ್ಲಿರುತ್ತದೆ: 3ನೇ ಫ್ರೆಟ್ಟಿನಲ್ಲಿ ಒತ್ತಿ 1ನೇ ಫ್ರೆಟ್ಟಿನ ಮೇಲೆ ನೋಡಿ, ಕಾಗದದಷ್ಟೇ ಬೆಳಕಿಂಡಿ ಕಾಣಬೇಕು. ಅಗಲವಾಗಿ ಕಂಡರೆ ನಟ್ ಎತ್ತರವಾಗಿದೆ. ಅದನ್ನು ಮನೆಯಲ್ಲಿ ಅರದಿಂದ ಉಜ್ಜಬೇಡಿ, ಒಂದು ಎಳೆ ಹೆಚ್ಚು ಹೋದರೂ ನಟ್ ಬದಲಿಸಬೇಕಾಗುತ್ತದೆ.

ಇಂಟೊನೇಶನ್ ಎಂದರೆ ಮೇಲಿನ ಫ್ರೆಟ್ಟುಗಳಲ್ಲೂ ಶ್ರುತಿ ಉಳಿಯುವುದು. ಖಾಲಿ ತಂತಿ ಟ್ಯೂನರ್‌ನಲ್ಲಿ ಸರಿ ತೋರಿಸಿದ ಮೇಲೆ 12ನೇ ಫ್ರೆಟ್ಟಿನಲ್ಲಿ ಮೆತ್ತಗೆ ಒತ್ತಿ ನುಡಿಸಿ. ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ನೆಕ್ಕಿನ ಕಡೆಗೆ. ಸರಿಸುವ ಮುಂಚೆ ತಂತಿ ಸಡಿಲಿಸಿ. ಎರಡು ಮೂರು ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ) ಒಳಗೆ ಬಂದರೆ ಸಾಕು. ಹಳೆಯ ತಂತಿಯಲ್ಲಿ ಈ ಕೆಲಸಕ್ಕೆ ಕೂರಬೇಡಿ, ಬೆವರು ತಿಂದ ತಂತಿ ಎಲ್ಲ ಕಡೆ ಸಮವಾಗಿ ಕಂಪಿಸುವುದಿಲ್ಲ. ಕೊನೆಗೆ ಪಿಕಪ್: ಕೊನೆಯ ಫ್ರೆಟ್ ಒತ್ತಿದಾಗ ತಂತಿಗೂ ಪಿಕಪ್ಪಿಗೂ ಇ ಬದಿ ಸುಮಾರು 3, ಜಿ ಬದಿ 2.5 ಮಿಲಿಮೀಟರ್ ಇರಲಿ. ಇನ್ನೂ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆದು ಮೇಲಿನ ಸ್ವರಗಳು ತೂಗಾಡುತ್ತವೆ.

ಈಗ ಕೊಳ್ಳುವ ವಿಷಯ. 25 ಸಾವಿರವನ್ನೂ ಬೇಸಿನ ಮೇಲೆ ಸುರಿಯಬೇಡಿ. ನಾಲ್ಕು ಸಾವಿರವನ್ನಾದರೂ ಒಳ್ಳೆಯ ಕೇಬಲ್, ಅಗಲವಾದ ಸ್ಟ್ರ್ಯಾಪ್, ಟ್ಯೂನರ್, ಒಂದು ಸೆಟ್ ತಂತಿಗೆ ಎತ್ತಿಡಿ. ಯಮಹಾ ಟಿಆರ್‌ಬಿಎಕ್ಸ್ 174, ಐಬನೀಜ್ ಜಿಎಸ್‌ಆರ್ ಸರಣಿ, ಕಾರ್ಟ್ ಆ್ಯಕ್ಷನ್, ಸ್ಕ್ವೈಯರ್ ಅಫಿನಿಟಿ, ಇವುಗಳಲ್ಲಿ ಕೈಗೆ ಒಗ್ಗಿದ್ದನ್ನು ತೆಗೆದುಕೊಳ್ಳಿ. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಕೆಲವು ಹೊಸದರಲ್ಲಿ ಮೀರಿದರೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಹುಡುಕಿ. ಆರ್ಕೆಸ್ಟ್ರಾಕ್ಕೆ ನನ್ನ ಒಲವು ಪ್ರಿಸಿಷನ್ ಮಾದರಿಯ, ಎರಡು ತುಂಡಾದ ಪಿಕಪ್ ಇರುವ ಬೇಸಿನ ಕಡೆಗೆ. 1957ರಿಂದ ಇರುವ ಆ ವಿನ್ಯಾಸ ಹಮ್ (ಕರೆಂಟಿನ ಗುಂಯ್ ಸದ್ದು) ಎತ್ತುವುದಿಲ್ಲ, ಗದ್ದಲದ ನಡುವೆಯೂ ಅದರ ಮಧ್ಯದ ನಾದ ಎದ್ದು ಕೇಳುತ್ತದೆ. ಜಾಝ್ ಮಾದರಿಯ ಎರಡು ಪಿಕಪ್ಪುಗಳಲ್ಲಿ ಎರಡೂ ವಾಲ್ಯೂಮ್ ಸಮವಾಗಿದ್ದಾಗ ಮಾತ್ರ ಹಮ್ ಅಡಗುತ್ತದೆ, ಸೀರಿಯಲ್ ಸೆಟ್ ದೀಪಗಳ ಪಕ್ಕದಲ್ಲಿ ನಿಂತಾಗ ಇದು ಅರಿವಾಗುತ್ತದೆ.

ಅಂಗಡಿಯಲ್ಲಾಗಲಿ ಸೆಕೆಂಡ್‌ಹ್ಯಾಂಡ್ ಆಗಲಿ, ಬ್ರಿಡ್ಜ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ಕಿನುದ್ದಕ್ಕೂ ನೋಡಿ. ಬಾಗು ಸರಿಮಾಡಬಹುದು, ತಿರುಚಿಕೊಂಡಿದ್ದರೆ ಬಿಟ್ಟುಬಿಡಿ. ಪ್ರತಿ ತಂತಿಯಲ್ಲೂ ಪ್ರತಿ ಫ್ರೆಟ್ ನುಡಿಸಿ. ಜಿ ತಂತಿಯಲ್ಲಿ 5ರಿಂದ 7ನೇ ಫ್ರೆಟ್ಟಿನ ಆಸುಪಾಸು ಒಂದು ಸ್ವರ ಬೇಗ ನಂದುವುದು ಬೋಲ್ಟ್ ನೆಕ್ (ನೆಕ್ಕನ್ನು ದೇಹಕ್ಕೆ ಸ್ಕ್ರೂ ಹಾಕಿ ಕೂರಿಸಿದ) ಬೇಸುಗಳಲ್ಲಿ ಸಾಮಾನ್ಯ, ಆದರೆ ಪೂರ್ತಿ ಸತ್ತಿದ್ದರೆ ಬೇರೆಯದನ್ನು ಕೇಳಿ. ಟ್ರಸ್ ರಾಡ್ ಎರಡೂ ಕಡೆಗೆ ಸ್ವಲ್ಪ ತಿರುಗುತ್ತದೆಯೇ ಎಂದು ಅಂಗಡಿಯವರಿಂದಲೇ ತೋರಿಸಿಕೊಳ್ಳಿ. ಜಿ ತಂತಿ ಅಂಚಿನಿಂದ ಜಾರುವಂತಿದ್ದರೆ ನೆಕ್ ಓರೆಯಾಗಿ ಕೂತಿದೆ. ಸ್ಟ್ರ್ಯಾಪ್ ಹಾಕಿ ನಿಂತು ಕೈಬಿಡಿ. ತಲೆಭಾಗ ಕೆಳಗೆ ವಾಲಿದರೆ ಎರಡು ಗಂಟೆಯ ಕಾರ್ಯಕ್ರಮದಲ್ಲಿ ಎಡಭುಜ ಬೀಳುತ್ತದೆ.

ಐದು ತಂತಿಯದು ಬೇಕೇ ಎನ್ನುವುದನ್ನು ನಿಮ್ಮ ಗಾಯಕರ ಶ್ರುತಿ ತೀರ್ಮಾನಿಸಲಿ. ಕಪ್ಪು 2 (ಹಾರ್ಮೋನಿಯಮ್ಮಿನ ಎರಡನೇ ಕಪ್ಪು ಮನೆ) ಅಂದರೆ ಡಿ ಶಾರ್ಪ್. ಅದರ ತಳದ ಷಡ್ಜ ನಾಲ್ಕು ತಂತಿಯ ಬೇಸಿನಲ್ಲಿಲ್ಲ, ಏಕೆಂದರೆ ಆ ಬೇಸಿನ ಅತಿ ಕೆಳಗಿನ ಸ್ವರವೇ ಇ. ನೀವು ಎ ತಂತಿಯ 6ನೇ ಫ್ರೆಟ್ಟಿಗೆ ಹೋಗಬೇಕು. ಐದು ತಂತಿಯಲ್ಲಿ ಬಿ ತಂತಿಯ 4ನೇ ಫ್ರೆಟ್ಟಿನಲ್ಲಿ ಅದು ಸಿಗುತ್ತದೆ. ಆದರೆ ಅಗ್ಗದ ಐದು ತಂತಿಯ ಬೇಸುಗಳಲ್ಲಿ ಬಿ ತಂತಿ ಹಗ್ಗದಂತೆ ಜೋತುಬೀಳುತ್ತದೆ. ಈ ಬಜೆಟ್ಟಿನಲ್ಲಿ ನಾನು ಹೇಳುವುದು ನಾಲ್ಕೇ. ಖಾಲಿ ತಂತಿಗಳನ್ನು ನಂಬದೆ ನುಡಿಸಲು ಕಲಿತರೆ ಗಾಯಕರು ಕಪ್ಪು 1 ಎಂದರೂ ಬಿಳಿ 4 ಎಂದರೂ ಕೈ ಹಾಗೇ ಸರಿಯುತ್ತದೆ.

ಇನ್ನು ಕೇಳಿಸದಿರುವ ಸಮಸ್ಯೆ. ಇ ತಂತಿಯ ಮೂಲ ಕಂಪನ ಸೆಕೆಂಡಿಗೆ 41. ಪೆಂಡಾಲಿನ ಬಾಕ್ಸ್‌ಗಳು, ಸಬ್‌ವೂಫರ್ ಇಲ್ಲದಿದ್ದರೆ, ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಜನ ಕೇಳುವುದು ಅದರ ಮೇಲಿನ 82, 123ರ ಅನುರಣನಗಳನ್ನು. ಬೇಸ್ ಕೇಳಿಸಲಿಲ್ಲವೆಂದು ಬೇಸ್ ನಾಬ್ ತಿರುಗಿಸಿದರೆ ಸ್ಪೀಕರ್ ಉಬ್ಬಸ ಬಿಡುತ್ತದೆಯೇ ಹೊರತು ಸ್ವರ ಬರುವುದಿಲ್ಲ. ಮಿಕ್ಸರ್‌ನಲ್ಲಿ 40 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಲು ಹೇಳಿ, 80ರಿಂದ 100ರಲ್ಲಿ ಸ್ವಲ್ಪ ಏರಿಸಿ, 250ರ ಸುತ್ತ ತಗ್ಗಿಸಿ, 700ರಿಂದ 1000ರ ನಡುವೆ ಎರಡು ಮೂರು ಡೆಸಿಬೆಲ್ ಏರಿಸಿ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಆ ಮಧ್ಯದ ನಾದ ಒರಟೆನಿಸುತ್ತದೆ, ಢೋಲಕ್, ಪ್ಯಾಡ್, ಕೀಬೋರ್ಡ್ ಸೇರಿದಾಗ ಅದೇ ನಿಮ್ಮ ಸ್ವರವನ್ನು ಹೊತ್ತು ತರುತ್ತದೆ. ಕೀಬೋರ್ಡ್‌ನವರ ಎಡಗೈಗೂ ಒಂದು ಮಾತು ಹೇಳಿಡಿ. ಇಬ್ಬರೂ ಒಂದೇ ಮಂದ್ರದಲ್ಲಿ ಕೂತರೆ ಎರಡೂ ಕೆಸರಾಗುತ್ತವೆ.

ಬೇಸನ್ನು ಡಿಐ ಬಾಕ್ಸ್ (ಬೇಸಿನ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಮೂಲಕವೇ ಮಿಕ್ಸರ್‌ಗೆ ಕೊಡಿ. ನೇರವಾಗಿ ಉದ್ದದ ಕೇಬಲ್‌ನಲ್ಲಿ ಲೈನ್ ಇನ್‌ಪುಟ್‌ಗೆ ಹಾಕಿದರೆ ನಾದ ಮಂಕಾಗಿ ಹಮ್ ಸೇರುತ್ತದೆ. ಸ್ಟೇಜಿನಲ್ಲಿರುವ ಲೀಡ್ ಗಿಟಾರ್ ಆಂಪ್‌ಗೆ ಬೇಸ್ ಹಾಕಿ ಜೋರು ಮಾಡಬೇಡಿ, ಅದರ ಕೋನ್ ಹರಿಯುತ್ತದೆ. ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿಯ ಸರ್ಕ್ಯೂಟ್ ಇರುವುದು) ಆದರೆ 9 ವೋಲ್ಟ್ ಬ್ಯಾಟರಿ ಇಳಿದಾಗ ಸ್ವರ ಹರಿದು ನಿಧಾನಕ್ಕೆ ಮಾಯವಾಗುತ್ತದೆ. ಕೇಬಲ್ ಸಿಕ್ಕಿಸಿದ ಕ್ಷಣದಿಂದ ಬ್ಯಾಟರಿ ಖರ್ಚಾಗುತ್ತದೆ, ಹಾಗಾಗಿ ನುಡಿಸಿ ಮುಗಿದೊಡನೆ ಕೇಬಲ್ ಕೀಳಿ.

ಒಂದು ವಿಷಯವನ್ನು ಲಘುವಾಗಿ ತೆಗೆದುಕೊಳ್ಳಬೇಡಿ: ಅರ್ಥಿಂಗ್. ಬೇಸಿನ ತಂತಿಗಳು ಬ್ರಿಡ್ಜ್ ಮೂಲಕ ಕೇಬಲ್ಲಿನ ಅರ್ಥ್‌ಗೆ ಸೇರಿರುತ್ತವೆ. ಜನರೇಟರ್ ಅಥವಾ ಕಂಬದಿಂದ ಎಳೆದ ಲೈನಿನಲ್ಲಿ ಅರ್ಥ್ ಇಲ್ಲದಿದ್ದರೆ, ಕೈಯಲ್ಲಿ ತಂತಿ, ತುಟಿಗೆ ಮೈಕು ತಾಗಿದಾಗ ಶಾಕ್ ಹೊಡೆಯುತ್ತದೆ. ಮಳೆನೀರು ನಿಂತ ಸ್ಟೇಜಿನಲ್ಲಿ ಅದು ಜೀವಕ್ಕೇ ಅಪಾಯ. ಸೌಂಡ್ ಚೆಕ್‌ಗೆ ಮುಂಚೆ ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ತಾಗಿಸಿ. ಒಂದೆರಡು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಬೇಸ್ ಮುಟ್ಟಬೇಡಿ, ಸೌಂಡ್‌ನವರನ್ನು ಕರೆಯಿರಿ, ಆಂಪ್ ಮತ್ತು ಮಿಕ್ಸರ್ ಎರಡಕ್ಕೂ ಒಂದೇ ಅರ್ಥ್ ಇರುವ ಬೋರ್ಡಿನಿಂದ ಕರೆಂಟ್ ಕೊಡಿಸಿ. ಹಮ್ ಹೋಗಲೆಂದು ಪ್ಲಗ್ಗಿನ ಮೂರನೇ ಪಿನ್ ಮುರಿಯುವವರಿದ್ದಾರೆ. ಹಾಗೆ ಮಾಡಲು ಬಿಡಬೇಡಿ, ಅದಕ್ಕೆಂದೇ ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ (ಸಿಗ್ನಲ್ ಕೇಬಲ್ಲಿನ ಅರ್ಥ್ ಮಾತ್ರ ಬಿಡಿಸುವ) ಸ್ವಿಚ್ ಇದೆ. ಬ್ಯಾಟರಿಯ ವೈರ್‌ಲೆಸ್ ಹಾಕಿದರೆ ಬೇಸಿಗೂ ಆಂಪ್‌ಗೂ ನಡುವಿನ ವಿದ್ಯುತ್ ಸಂಪರ್ಕವೇ ಕಡಿಯುತ್ತದೆ, ಪೆಂಡಾಲ್ ಕಾರ್ಯಕ್ರಮಗಳೇ ಹೆಚ್ಚಾದರೆ ಅದು ದಂಡದ ಖರ್ಚಲ್ಲ.

ನುಡಿಸುವಾಗ ಬಲಗೈ ಹೆಬ್ಬೆರಳು ಪಿಕಪ್ ಮೇಲೆಯೇ ಅಂಟಿಕೊಳ್ಳದಿರಲಿ. ಎ ತಂತಿ ನುಡಿಸುವಾಗ ಅದು ಇ ತಂತಿಯ ಮೇಲೆ ಒರಗಲಿ, ಡಿ ನುಡಿಸುವಾಗ ಎ ಮೇಲೆ ಸರಿಯಲಿ, ಆಗ ಸುಮ್ಮನಿರುವ ತಂತಿಗಳು ಗುಂಯ್‌ಗುಡುವುದಿಲ್ಲ. ದೊಡ್ಡ ಸ್ಪೀಕರ್ ಮುಂದೆ ಆ ಗುಂಯ್ ಇಡೀ ಹಾಡನ್ನೇ ಮಸುಕು ಮಾಡುತ್ತದೆ. ಕೇಬಲ್ಲನ್ನು ಸ್ಟ್ರ್ಯಾಪಿನೊಳಗಿಂದ ಒಮ್ಮೆ ಸುತ್ತಿ ಜ್ಯಾಕಿಗೆ ಹಾಕಿ, ಯಾರಾದರೂ ಎಡವಿದರೂ ಕಿತ್ತು ಬರುವುದಿಲ್ಲ. ಬ್ಯಾಗಿನಲ್ಲಿ ಇನ್ನೊಂದು ಕೇಬಲ್, ಒಂದು 9 ವೋಲ್ಟ್ ಬ್ಯಾಟರಿ, ಅಲೆನ್ ಕೀ, ಕೈ ಮತ್ತು ತಂತಿ ಒರೆಸಲು ಹಳೆಯ ಹತ್ತಿ ಬಟ್ಟೆ ಇರಲಿ. ಪ್ರತಿ ಸಲ ನುಡಿಸಿದ ಮೇಲೆ ತಂತಿಯ ಅಡಿಭಾಗವನ್ನೂ ಒರೆಸಿ.