ಇಳಿಜಾರಿನ ಕಾಫಿ ತೋಟಕ್ಕೆ ಪ್ರತಿ ವರ್ಷ ಅಗತೆ ಬೇಕೇ? ನಡುವೆ ಅಲಸಂದೆ ಹಾಕಿದರೆ ಗಿಡಕ್ಕೆ ತೊಂದರೆಯೇ?

ಹೊಸ ತೋಟಕ್ಕೆ ಅಗತೆ ಬೇಕು, ಬೆಳೆದ ತೋಟಕ್ಕೆ ಪ್ರತಿ ವರ್ಷ ಬೇಡ. ಗಿಡ ನೆಟ್ಟ ಶುರುವಿನಲ್ಲಿ, ಮಳೆಗಾಲದ ಕೊನೆಗೆ ಒಂದಡಿ ಆಳ ಅಗೆದು ಕಳೆಯನ್ನು ಮಣ್ಣಿನಡಿ ಮುಚ್ಚಿದರೆ ಬೇಸಿಗೆಗೆ ತೇವ ಉಳಿಯುತ್ತದೆ. ಆಮೇಲೆ ಕಾಫಿಯ ಆಹಾರ ಬೇರುಗಳು ಬಹುಪಾಲು ಮೇಲಿನ ಒಂದಡಿಯಲ್ಲೇ ಹರಡುತ್ತವೆ. ಗುದ್ದಲಿ ಬಿದ್ದಷ್ಟೂ ಬೇರು ತುಂಡು. ನವೆಂಬರಿನಲ್ಲಿ ಎರಡು ಮೂರು ಇಂಚು ಕೆರೆದರೆ ಸಾಕು. ಜೂನ್‌ಗೆ ಮುಂಚೆ ಮಾತ್ರ ಇಳಿಜಾರು ಅಗೆಯಲೇಬೇಡಿ. ಮುಂಗಾರು ಹಿಡಿದರೆ ಸಡಿಲ ಮಣ್ಣು ನೇರ ತೋಡಿಗೆ, ಅಲ್ಲಿಂದ ಕಾವೇರಿಗೆ.

ಅಲಸಂದೆ ಎಳೆಯ ತೋಟಕ್ಕೆ ಒಳ್ಳೆಯದೇ. ದಟ್ಟ ನೆರಳಿನಲ್ಲಿ ಏಳುವುದಿಲ್ಲ, ಅಲ್ಲಿ ಉದುರೆಲೆಯೇ ಹೊದಿಕೆ. ಆಗಸ್ಟ್ ಕೊನೆಗೆ ಮಳೆ ಇಳಿದ ಮೇಲೆ, ಗಿಡದಿಂದ ಎರಡಡಿ ದೂರದಲ್ಲಿ, ಬಳ್ಳಿಯಲ್ಲದ ಪೊದೆ ತಳಿ ಬಿತ್ತಿ. 45–50 ದಿನಕ್ಕೆ ಹೂ ಕಾಣುತ್ತಲೇ ಕೊಯ್ದು, ಕಾಫಿ ಬುಡದಿಂದ ಅರ್ಧ ಅಡಿ ಬಿಟ್ಟು ಹಾಸಿ. ಬುಡಕ್ಕೇ ಒತ್ತಿದರೆ ಗೆದ್ದಲು ಬರುತ್ತದೆ. ಬೇರು ಮಣ್ಣಲ್ಲೇ ಇರಲಿ. ಒಂದೆರಡು ಅಲಸಂದೆ ಗಿಡ ಮಾತ್ರ ಕಿತ್ತು ಬೇರಿನ ಗಂಟು ಸೀಳಿ ನೋಡಿ: ಒಳಗೆ ನಸುಗೆಂಪಾಗಿದ್ದರೆ ಸಾರಜನಕ ಹಿಡಿಯುತ್ತಿದೆ. ಬೆಳ್ಳಗಿದ್ದರೆ ನಮ್ಮ ಹುಳಿಮಣ್ಣಿನ ಮೇಲೆ ಅನುಮಾನಪಡಿ, ಪರೀಕ್ಷೆ ಮಾಡಿಸಿ ಸುಣ್ಣ ಕೊಡಿ.

ಕೆಡುವುದು ಆಸೆಯಿಂದ. ಕಾಳೂ ಸಿಗಲಿ ಎಂದು ಡಿಸೆಂಬರ್‌ವರೆಗೆ ಬಿಟ್ಟರೆ ಅಲಸಂದೆಯೇ ನೀರು ಕುಡಿದು, ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆ ಬರುವಷ್ಟರಲ್ಲಿ ಕಾಫಿ ಬಾಡಿರುತ್ತದೆ. ನೆರಳಿನ ಮರವಾದ ಸಿಲ್ವರ್ ಓಕ್‌ನ ಒಣ ಎಲೆಯನ್ನು ಮಣ್ಣಿಗೆ ಬೆರೆಸುವುದೂ ಬೇಡ. ಅದು ಕೊಳೆಯುವಾಗ ಸಾರಜನಕ ಎಳೆದುಕೊಂಡು ಎಳೆ ಗಿಡ ಹಳದಿಯಾಗುತ್ತದೆ. ಮೇಲೆ ಹಾಸಿದರೆ ಆ ತೊಂದರೆಯಿಲ್ಲ.