ಗ್ರೀಕ್ ಪುರಾಣವನ್ನು ಹೆಣ್ಣಿನ ಕಣ್ಣಿಂದ ಮತ್ತೆ ಬರೆಯುವುದು ಅಂದರೆ ಏನು? ಅದರ ಅಗತ್ಯ ಏನಿತ್ತು?

ಹಳೆಯ ಕಾವ್ಯದಲ್ಲಿ ನಾಲ್ಕು ಸಾಲಿಗೆ ಬಂದು ಹೋಗುವ ಹೆಂಗಸಿನ ಬಾಯಿಂದ ಇಡೀ ಕಥೆ ಹೇಳಿಸುವುದು. ಅಗತ್ಯ ಏನು ಅಂತ ತಿಳಿಯಲು ಪ್ರಾಚೀನ ಗ್ರೀಕ್ ಕವಿ ಹೋಮರನ ಮಹಾಕಾವ್ಯ ‘ಒಡಿಸ್ಸಿ’ಯ 22ನೇ ಭಾಗ ನೋಡಿ.

ಟ್ರಾಯ್ ಯುದ್ಧಕ್ಕೆ ಹೋಗಿ 20 ವರ್ಷದ ಮೇಲೆ ಮನೆಗೆ ಬಂದ ನಾಯಕ ಒಡಿಸ್ಯೂಸ್, ಹೆಂಡತಿ ಪೆನೆಲೋಪಿಯ ಹಿಂದೆ ಬಿದ್ದಿದ್ದ ಗಂಡಸರನ್ನೆಲ್ಲ ಕೊಲ್ಲುತ್ತಾನೆ. ಅವರ ಜೊತೆ ಮಲಗಿದ್ದರು ಅಂತ 12 ದಾಸಿಯರ ಕೈಲಿ ಹೆಣ ಹೊರಿಸಿ, ರಕ್ತ ತೊಳೆಸುತ್ತಾರೆ. ಆಮೇಲೆ ಮಗ ಟೆಲಿಮಾಕಸ್ ಹಡಗಿನ ಹಗ್ಗ ಕಟ್ಟಿ ಅವರನ್ನು ಸಾಲಾಗಿ ನೇಣಿಗೆ ಹಾಕುತ್ತಾನೆ. ಬಲೆಗೆ ಸಿಕ್ಕ ಹಕ್ಕಿಗಳ ಹಾಗೆ ತೂಗಿದರು, ಕಾಲು ಸ್ವಲ್ಪ ಹೊತ್ತು ಒದ್ದಾಡಿತು, ಜಾಸ್ತಿ ಹೊತ್ತಲ್ಲ. ಅಷ್ಟೇ, ಕಥೆ ಮುಂದೆ ಹೋಗುತ್ತದೆ.

ದಾಸಿಗೆ ಬೇಡ ಅನ್ನುವ ಹಕ್ಕು ಎಲ್ಲಿತ್ತು, ಅಲ್ವಾ? ಕೆನಡಾದ ಲೇಖಕಿ ಮಾರ್ಗರೆಟ್ ಅಟ್‌ವುಡ್ ಅವರ ಕಾದಂಬರಿ ‘ದಿ ಪೆನೆಲೋಪಿಯಾಡ್’ (2005) ಹುಟ್ಟಿದ್ದು ಇಲ್ಲಿಂದ. ಸತ್ತ ಪೆನೆಲೋಪಿ ಪಾತಾಳದಿಂದ ಮಾತಾಡುತ್ತಾಳೆ. ನಡುನಡುವೆ ಆ 12 ಹುಡುಗಿಯರು ಮೇಳವಾಗಿ ಹಾಡುತ್ತಾರೆ. ನನಗೆ ಅವರ ಹಾಡೇ ಜಾಸ್ತಿ ನಾಟಿತು.

ಟ್ರಾಯ್ ಯುದ್ಧದ ಬಗ್ಗೆ ಹೋಮರನ ಇನ್ನೊಂದು ಕಾವ್ಯ ‘ಇಲಿಯಡ್’ನಲ್ಲಿ ಸೆರೆಯಾಳಾದ ಬ್ರೈಸಿಸ್ ಕಥೆಯೂ ಹೀಗೇ. ಗ್ರೀಕ್ ವೀರ ಅಕಿಲೀಸ್ ಮತ್ತು ಸೇನೆಯ ಮುಖ್ಯಸ್ಥ ಅಗಮೆಮ್ನಾನ್ ಜಗಳ ಅವಳಿಗಾಗಿ. ಆದರೆ ಅವಳು ಮಾತಾಡುವುದು ಒಂದೇ ಸಲ, 19ನೇ ಭಾಗದಲ್ಲಿ. ತನ್ನ ಗಂಡನನ್ನು ಕೊಂದ ಅಕಿಲೀಸನ ಗುಡಾರದಲ್ಲೇ ಅವಳು ಬದುಕಬೇಕು. ಲೇಖಕಿ ಪ್ಯಾಟ್ ಬಾರ್ಕರ್ 2018ರ ಕಾದಂಬರಿಯಲ್ಲಿ ಅವಳ ಕೈಲೇ ಕಥೆ ಹೇಳಿಸಿದರು. ಅದೇ ವರ್ಷ ‘ಒಡಿಸ್ಸಿ’ಯ ಮಾಟಗಾತಿ ಸರ್ಸಿಯ ಬಗ್ಗೆ ಮ್ಯಾಡಲಿನ್ ಮಿಲ್ಲರ್ ಕಾದಂಬರಿಯೂ ಬಂತು.

ಇವಕ್ಕೂ ಮೊದಲು ಎಮಿಲಿ ವಿಲ್ಸನ್ ಅವರ ‘ಒಡಿಸ್ಸಿ’ ಇಂಗ್ಲಿಷ್ ಅನುವಾದ (2017) ಓದಿ. ನೇಣಿಗೆ ಹಾಕುವ ಮುಂಚೆ ಟೆಲಿಮಾಕಸ್ ಆಡುವ ಮಾತಿನಲ್ಲಿ ಹಿಂದಿನ ಕೆಲವು ಅನುವಾದಕರು ಆ ದಾಸಿಯರನ್ನು ಸೂಳೆಯರು ಅಂತ ಕರೆದಿದ್ದರು. ಮೂಲ ಗ್ರೀಕ್‌ನ ಆ ಸಾಲಿನಲ್ಲಿ ಬೈಗುಳವೇ ಇಲ್ಲ. ವಿಲ್ಸನ್ ಸುಮ್ನೆ ‘ಹುಡುಗಿಯರು’ ಅಂತ ಬರೆದರು.