ನಿರುದ್ಯೋಗ ದರ ಅರ್ಧಕ್ಕೆ ಇಳಿದರೆ ಅದು ನಾಯಕರ ಸಾಧನೆಯೇ?

2017-18ರಲ್ಲಿ ಶೇ. 6.1 ಇದ್ದ ನಿರುದ್ಯೋಗ 2023-24ಕ್ಕೆ 3.2 ಆಗಿದೆ ಅನ್ನುತ್ತಾರೆ, ಉಡುಪಿಯಲ್ಲಿ ನಮ್ಮ ಪದವೀಧರ ಮಗ ಇನ್ನೂ ಮನೆಯಲ್ಲೇ ಇದ್ದಾನೆ, ಲೆಕ್ಕವೇ ಸುಳ್ಳಾ ಎಂದು ಕೇಳಿದ್ದೀರಿ. ಸುಳ್ಳಲ್ಲ. ಆದರೆ ನಿಮ್ಮ ಮಗನಿಗೆ ಸಂಬಂಧಿಸಿದ್ದು 15ರಿಂದ 29 ವಯಸ್ಸಿನವರ ದರ. ಅದು 2023-24ರಲ್ಲಿ ಶೇ. 10.2 ಇತ್ತು.

ಈ ದರ ತೆಗೆಯುವಾಗ ಕೆಲಸ ಇಲ್ಲದವರನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸುವುದಿಲ್ಲ. ದುಡಿಯುವವರು, ಕೆಲಸ ಹುಡುಕುವವರು, ಇವರ ಮೊತ್ತದಿಂದ ಮಾತ್ರ ಭಾಗಿಸುತ್ತಾರೆ. 47 ಜನ ದುಡಿಯುತ್ತಿದ್ದು 3 ಜನ ಹುಡುಕುತ್ತಿದ್ದರೆ ಶೇ. 6. ಆ ಮೂವರಲ್ಲಿ ಒಬ್ಬ ಬೇಸತ್ತು ಹುಡುಕುವುದನ್ನೇ ಬಿಟ್ಟರೆ 49ರಲ್ಲಿ 2, ಅಂದರೆ ಶೇ. 4.1. ಒಂದೂ ಹೊಸ ಕೆಲಸ ಹುಟ್ಟಲಿಲ್ಲ, ದರ ಇಳಿಯಿತು. ಚೇತರಿಕೆಯ ಕಾಲದಲ್ಲಿ ಇದೇ ತಿರುಗುಮುರುಗಾಗುತ್ತದೆ: ಕೈಬಿಟ್ಟವರು ಮತ್ತೆ ಹುಡುಕಲು ಬಂದಾಗ ದರ ಏರಲೂಬಹುದು.

ನಮ್ಮ ದೇಶದಲ್ಲಿ ಆ ಆರು ವರ್ಷ ಜನ ಹಿಂದೆ ಸರಿಯಲಿಲ್ಲ. 15 ದಾಟಿದ ಹೆಂಗಸರಲ್ಲಿ ದುಡಿಯುವ ಅಥವಾ ಕೆಲಸ ಹುಡುಕುವವರ ಪಾಲು ಶೇ. 23.3ರಿಂದ 41.7ಕ್ಕೆ ಏರಿತು. ಆದರೆ ದುಡಿಯುವವರಲ್ಲಿ ಸ್ವಂತ ಉದ್ಯೋಗದವರ ಪಾಲು 52.2ರಿಂದ 58.4 ಆಯಿತು, ತಿಂಗಳ ಸಂಬಳದವರ ಪಾಲು 22.8ರಿಂದ 21.7ಕ್ಕೆ ಇಳಿಯಿತು. ಶಂಕರಪುರದಲ್ಲಿ ಮನೆಯ ಮಲ್ಲಿಗೆ ಕೊಯ್ದು ಕಟ್ಟಿ ಮಾರಾಟಕ್ಕೆ ಕೊಡುವ ಸೊಸೆ, ಕೈಗೆ ಕಾಸು ಬಾರದಿದ್ದರೂ, ಉದ್ಯೋಗಸ್ಥೆ. ಆಕೆಯ ದುಡಿಮೆ ಎಣಿಕೆಗೆ ಬಂದದ್ದು ನ್ಯಾಯವೇ. ಅದನ್ನು ನೌಕರಿ ಕೊಟ್ಟೆವು ಎಂದು ಹೇಳಿಕೊಳ್ಳುವುದು ನ್ಯಾಯವಲ್ಲ.

ಇನ್ನೊಂದು ಎಡವಟ್ಟು: ಶೇ. 3.2 ಎಂಬ ದರ ಹಿಂದಿನ ಇಡೀ ವರ್ಷದ ದುಡಿಮೆ ನೋಡಿ ತೆಗೆದದ್ದು, ಈಗ ತಿಂಗಳಿಗೊಮ್ಮೆ ಬರುವ ದರ ಹಿಂದಿನ ಒಂದು ವಾರವನ್ನಷ್ಟೇ ನೋಡಿ ತೆಗೆದದ್ದು. ಜೂನ್-ಜುಲೈ ಮೀನುಗಾರಿಕೆ ನಿಷೇಧದಲ್ಲಿ ಬೋಟು ದಡದಲ್ಲಿದ್ದಾಗ, ವಾರದಲ್ಲಿ ಒಂದು ಗಂಟೆಯೂ ದುಡಿಯದೆ ಕೆಲಸಕ್ಕೆ ಸಿದ್ಧನಿರುವ ಮಲ್ಪೆಯ ಕಾರ್ಮಿಕ ವಾರದ ಲೆಕ್ಕದಲ್ಲಿ ನಿರುದ್ಯೋಗಿ, ವರ್ಷದ ಲೆಕ್ಕದಲ್ಲಿ ಉದ್ಯೋಗಸ್ಥ. ಇವೆರಡನ್ನು ಪಕ್ಕದಲ್ಲಿಟ್ಟು ಏರಿತು, ಇಳಿಯಿತು ಅನ್ನಬಾರದು.

ನಾಯಕರ ವಿಷಯಕ್ಕೆ ಅಮೆರಿಕದ ಉದಾಹರಣೆ ಸ್ಪಷ್ಟವಾಗಿದೆ. 2009ರ ಜನವರಿಯಲ್ಲಿ ಒಬಾಮ ಬಂದಾಗ ದರ 7.8. ಆರ್ಥಿಕ ಹಿಂಜರಿತ ಜೂನ್‌ನಲ್ಲೇ ಮುಗಿಯಿತು, ದರ ಮಾತ್ರ ಅಕ್ಟೋಬರ್‌ನಲ್ಲಿ 10ಕ್ಕೆ ಮುಟ್ಟಿತು. ವ್ಯಾಪಾರ ಕುದುರಿದರೂ ಮಾಲೀಕರು ಮೊದಲು ಇದ್ದವರಿಂದಲೇ ಹೆಚ್ಚು ಹೊತ್ತು ದುಡಿಸುತ್ತಾರೆ, ಹೊಸಬರನ್ನು ಸೇರಿಸುವುದು ಆಮೇಲೆ. 2012ರ ಸೆಪ್ಟೆಂಬರ್‌ನಲ್ಲಿ ದರ ಮತ್ತೆ 7.8. 2009ರ ಜನವರಿಯಿಂದ ಎಣಿಸಿದರೆ ಸಾಧನೆ ಸೊನ್ನೆ, ಅದೇ ವರ್ಷದ ಅಕ್ಟೋಬರ್‌ನಿಂದ ಎಣಿಸಿದರೆ ದೊಡ್ಡ ಗೆಲುವು. ಹಾಗಾಗಿ ಯಾರೇ ದರ ಹೇಳಲಿ, ಯಾವ ತಿಂಗಳಿನಿಂದ ಎಣಿಸಿದ್ದು, 15 ದಾಟಿದ ನೂರು ಜನರಲ್ಲಿ ಎಷ್ಟು ಮಂದಿ ದುಡಿಯುತ್ತಿದ್ದಾರೆ, ಅವರಲ್ಲಿ ಸಂಬಳದವರೆಷ್ಟು ಎಂದು ಕೇಳಿ.